ವೈನ್ ಡ್ರಮ್ಮಲ್ಲಿ ಕೊಳೆತ ಮೊಟ್ಟೆ ವಾಸನೆ, ಬ್ರಿಕ್ಸ್ (ಸಕ್ಕರೆ ಅಳತೆ) 9ಕ್ಕೆ ನಿಂತಿದೆ, ಅರ್ಜೆಂಟ್

ಹಿರಿಯೂರು_ಬಳ್ಳಿ:
ತಲೆ ಕೆಟ್ಟು ಕೂತಿದೀನಿ. ವೈನಿಗೆ ಹಾಕಿದ್ದು ನಮ್ಮದೇ ತೋಟದ ಶಿರಾಜ್ ದ್ರಾಕ್ಷಿ, ಪೂರ್ತಿ ಸಾವಯವ. ಹೊರಗಿನ ಯೀಸ್ಟ್ ಹಾಕಿಲ್ಲ, ಸಿಪ್ಪೆ ಮೇಲಿರೋದೇ ಸಾಕು ಅಂತ ಬಿಟ್ಟೆ. ಮೊದಮೊದಲು ಚೆನ್ನಾಗೇ ಉಕ್ಕಿ ಬಂತು. ಈಗ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆ. ಬ್ರಿಕ್ಸ್ 22ರಿಂದ 9ಕ್ಕೆ ಇಳಿದದ್ದು ಅಲ್ಲಿಂದ ಕದಲ್ತಾನೇ ಇಲ್ಲ. ಲೈಸೆನ್ಸ್ ಗಿಸೆನ್ಸ್ ಎಲ್ಲ ಇದೆ, ಆ ಭಾಷಣ ಯಾರೂ ಶುರು ಮಾಡ್ಬೇಡಿ. ಪರಿಹಾರ ಹೇಳಿ.

ಕೋಟೆನಾಡು_ಸೆಲ್ಲಾರ್:
ಕಾಡು ಯೀಸ್ಟ್ ನಂಬಿದರೆ ಇನ್ನೇನಾಗುತ್ತೆ ಸ್ವಾಮಿ. ಆಲ್ಕೋಹಾಲ್ ಏರೋ ಹೊತ್ತಿಗೆ ಅರ್ಧಕ್ಕರ್ಧ ಸತ್ತಿರುತ್ತೆ. ಇಸಿ-1118 ಅಂತ ವೈನ್ ಯೀಸ್ಟ್ ಪ್ಯಾಕೆಟ್ ಬರುತ್ತೆ, ತರಿಸಿ. ಪ್ಯಾಕೆಟ್ ಹರಿದು ಸೀದಾ ಸುರೀಬೇಡಿ. ಉಗುರುಬೆಚ್ಚಗಿನ ನೀರಲ್ಲಿ ಎಬ್ಬಿಸಿ, ಡ್ರಮ್ಮಿನ ರಸ ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಅಭ್ಯಾಸ ಮಾಡಿಸಿ, ಆಮೇಲೆ ಹಾಕಿ.

ಚಾಟ್ನಿ_ವಿಜಯಪುರ:
ಕೊನೀ ಸ್ಪ್ರೇ ಯಾವಾಗ ಹೊಡದ್ರಿ?

ಹಿರಿಯೂರು_ಬಳ್ಳಿ:
ಸಾವಯವ ಅಂದೆನಲ್ಲ ಅಣ್ಣ. ಯಾವ ಔಷಧಿನೂ ಇಲ್ಲ. ಜೀವಾಮೃತ, ಬೇವಿನೆಣ್ಣೆ ಅಷ್ಟೇ. ಪ್ಯಾಕೆಟ್ ಯೀಸ್ಟೂ ಬೇಡ, ಅದನ್ನ ಹಾಕೋದಾದ್ರೆ ಇಷ್ಟು ಕಷ್ಟ ಯಾಕೆ ಪಡ್ಬೇಕಿತ್ತು?

ಬೆಣ್ಣೆದೋಸೆ_ದಾವಣಗೆರೆ:
ಡ್ರಮ್ ಎಲ್ಲಿ ಇಟ್ಟೀರಿ? ತಗಡಿನ ಶೆಡ್ಡಿನಾಗ ಇದ್ರ ಮಾರ್ಚ್ ಬಿಸಿಲಿಗೆ ಒಳಗ 35 ದಾಟಿರತೈತಿ. ಅಷ್ಟಕ್ಕ ಯೀಸ್ಟ್ ಕೈ ಚೆಲ್ಲತೈತಿ. ಗೋಣಿಚೀಲ ಸುತ್ತಿ ನೀರು ಹೊಡೀರಿ, ನೆರಳಿಗೆ ತಗೊಳ್ರಿ.

ಹಿರಿಯೂರು_ಬಳ್ಳಿ:
ಹಂಚಿನ ಮನೆ, ತಂಪಾಗೇ ಇದೆ. ಕೈ ಹಾಕಿ ನೋಡಿದೀನಿ.

ಬೆಣ್ಣೆದೋಸೆ_ದಾವಣಗೆರೆ:
ಕೈ ಥರ್ಮಾಮೀಟರ್ ಅಲ್ರೀ. ನಮ್ಮದು ಡೇರಿಯವರು ತೆಗೆದು ಹಾಕಿದ್ದ ಹಾಲಿನ ಕೂಲರ್ ಟ್ಯಾಂಕು, 500 ಲೀಟರ್, ಸ್ಟೇನ್‌ಲೆಸ್ 304. 24ಕ್ಕೆ ಸೆಟ್ ಮಾಡಿ ಮಲಗಿಬಿಡ್ತೀನಿ. ಫೋಟೋ ಹಾಕ್ಲಾ?

ಕೋಟೆನಾಡು_ಸೆಲ್ಲಾರ್:
ಫೋಟೋ ಹೋದ ವರ್ಷವೇ ನೋಡಿದೀವಿ. ಕಂಪ್ರೆಸರ್ ಓಡಿಸೋಕೆ ತ್ರೀ ಫೇಸ್ ಕರೆಂಟ್ ರಾತ್ರಿ ಎಷ್ಟು ಹೊತ್ತು ಕೊಡ್ತಾರೆ ಅಂತಾನೂ ಹೇಳಿ.

ಅಡಿಕೆ_ಚನ್ನಗಿರಿ:
ಮೊಟ್ಟೆ ವಾಸನೆಗೆ ಸಾರಜನಕ ಸಾಲದೇ ಇರೋದೂ ಕಾರಣ. ಯೀಸ್ಟು ಹಸಿದರೆ ಹೈಡ್ರೋಜನ್ ಸಲ್ಫೈಡ್ ಬಿಡುತ್ತೆ. ಡಿಎಪಿ ಹಾಕಿ.

ಗದ್ದೆ_ಹೊಸಬ:
ಮನೇಲಿ ಡಿಎಪಿ ಚೀಲ ಇದೆ. ನನ್ನ ಡ್ರಮ್ಮಿಗೂ ಒಂದು ಹಿಡಿ ಹಾಕಬಹುದಾ?

ಅಡಿಕೆ_ಚನ್ನಗಿರಿ:
ಅಯ್ಯೋ ಬೇಡ ಮಾರಾಯ! ಗೊಬ್ಬರದ ಚೀಲ ಮುಟ್ಟಬೇಡಿ, ಅದರಲ್ಲಿ ಭಾರಲೋಹದಿಂದ ಹಿಡಿದು ಏನೇನೋ ಇರುತ್ತೆ. ಫುಡ್ ಗ್ರೇಡ್ ಅಂತಲೇ ಬೇರೆ ಸಿಗುತ್ತೆ, ಅದೂ ಗ್ರಾಂ ಲೆಕ್ಕ. ಅದನ್ನೂ ಹುದುಗು ಮೂರನೇ ಒಂದು ಭಾಗ ಮುಗಿಯೋದ್ರೊಳಗೇ ಹಾಕಬೇಕು. ಆಲ್ಕೋಹಾಲ್ ಏರಿದ ಮೇಲೆ ಯೀಸ್ಟು ಅದನ್ನ ಸರಿಯಾಗಿ ತಗೊಳಲ್ಲ. ಬಳ್ಳಿಯವರ ಡ್ರಮ್ಮಿಗೆ ಆ ಹೊತ್ತು ಮೀರಿದೆ, ನಾನು ಹೇಳಿದ್ದು ಮುಂದಿನ ಸಲಕ್ಕೆ ಅಂದುಕೊಳ್ಳಿ.

ಚಾಟ್ನಿ_ವಿಜಯಪುರ:
ಬೂದಿ ರೋಗಕ್ಕ ಏನು ಹೊಡದ್ರಿ? ಶಿರಾಜಿಗೆ ಬೂದಿ ಬರದs ಇರೂದಿಲ್ರಿ.

ಹಿರಿಯೂರು_ಬಳ್ಳಿ:
ಗಂಧಕ. ಅದು ಸಾವಯವದಲ್ಲಿ ಒಪ್ಪಿತ, ಸರ್ಟಿಫಿಕೇಟಿನವರೇ ಹೇಳಿದಾರೆ.

ಚಾಟ್ನಿ_ವಿಜಯಪುರ:
ಒಪ್ಪಿತ ಅನ್ನೂದು ಖರೆ. ಯಾವಾಗ?

ಹಿರಿಯೂರು_ಬಳ್ಳಿ:
ಕಾಯಿ ಬಣ್ಣ ತಿರುಗಿದ ಮೇಲೆ ಮೋಡ ಕಟ್ಟಿತ್ತು. ಎಲೆಗಳಲ್ಲಿ ಬಿಳಿ ಕಂಡಿತು. 80% ಪುಡಿ, ಲೀಟರಿಗೆ 2 ಗ್ರಾಂ. ಕೊಯ್ಲಿಗೆ ಹದಿನೈದಿಪ್ಪತ್ತು ದಿನ ಇತ್ತೇನೋ. ಗಂಧಕ ಭೂಮಿಯಲ್ಲೇ ಸಿಗೋದು.

ಚಾಟ್ನಿ_ವಿಜಯಪುರ:
ಇದನ್ನs ಕೇಳಾಕತ್ತಿದ್ದೆ ನಾ. ಸಿಪ್ಪಿಗೆ ಅಂಟಿದ ಗಂಧಕ ಡ್ರಮ್ಮಿಗೆ ಬಂದೈತಿ, ಯೀಸ್ಟ್ ಅದನ್ನ ಹೈಡ್ರೋಜನ್ ಸಲ್ಫೈಡ್ ಮಾಡೈತಿ. ಕೆಂಪು ವೈನಿಗೆ ಸಿಪ್ಪಿ ಸಮೇತ ಹುದುಗಿಸ್ತೀವಿ, ಅದಕ್ಕs ಜಾಸ್ತಿ. ಕೊಯ್ಲಿಗೆ ಐದು ವಾರ ಮೊದಲs ಗಂಧಕ ನಿಲ್ಲಿಸಬೇಕ್ರಿ. ಈಗ ಸಿಪ್ಪಿ ಹಿಂಡಿ ತೆಗದು, ರಸ ಎತ್ತರದಿಂದ ಇನ್ನೊಂದು ಪಾತ್ರೆಗೆ ಧಾರೆಯಾಗಿ ಸುರೀರಿ, ಗಾಳಿ ಆಡಲಿ. ತಳದ ಗಸಿ ಹಿಂದs ಬಿಡ್ರಿ. ತಡ ಮಾಡಿದ್ರ ಚಳ್ಳಕೆರೆ ಈರುಳ್ಳಿ ಮಂಡಿ ವಾಸನಿ ಬರತೈತಿ. ಆಮ್ಯಾಲೆ ಅದು ಗಾಳಿಗೆ ಹೋಗೂದಿಲ್ಲ.

ಕೋಟೆನಾಡು_ಸೆಲ್ಲಾರ್:
ಅಷ್ಟೆಲ್ಲ ಯಾಕೆ, ಮೈಲುತುತ್ತ (ತಾಮ್ರದ ಸಲ್ಫೇಟ್) ಒಂದು ಚಿಟಿಕೆ ಹಾಕಿದರೆ ವಾಸನೆ ಮಾಯ. ದೊಡ್ಡ ವೈನರಿಗಳೂ ಅದನ್ನೇ ಹಾಕ್ತಾರೆ.

ಅಡಿಕೆ_ಚನ್ನಗಿರಿ:
ಚಿಟಿಕೆ ಅಂದ್ರೆ ಎಷ್ಟು ಮಿಲಿಗ್ರಾಂ ಸ್ವಾಮಿ? ವೈನಲ್ಲಿ ತಾಮ್ರ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು ಅಂತ ಅಂತರರಾಷ್ಟ್ರೀಯ ಮಿತಿ. ದೊಡ್ಡವರು ಲ್ಯಾಬಲ್ಲಿ ಅಳೆದು ಹಾಕ್ತಾರೆ. ಬೋರ್ಡೋ ದ್ರಾವಣ ಕಲಸೋ ಕೈಯಲ್ಲಿ ವೈನಿಗೆ ಹಾಕಬೇಡಿ.

ಹಿರಿಯೂರು_ಬಳ್ಳಿ:
ಮೈಲುತುತ್ತ ನನ್ನ ಡ್ರಮ್ಮಿಗೆ ಬೀಳಲ್ಲ. ಮುಗೀತು.

ಕೋಟೆನಾಡು_ಸೆಲ್ಲಾರ್:
ಬಳ್ಳಿಗೆ ಬೋರ್ಡೋ ಹೊಡೆಯುವಾಗ ಅದೇ ಮೈಲುತುತ್ತ ನಡೀತಿತ್ತಲ್ಲ?

ಹಿರಿಯೂರು_ಬಳ್ಳಿ:
ಎಲೆ ಬೇರೆ, ಕುಡಿಯೋದು ಬೇರೆ.

(ಮಧ್ಯೆ ಸಾವಯವ ಸರ್ಟಿಫಿಕೇಟಿನ ಬಗ್ಗೆ ನಡೆದ ಜಗಳ ಬೇರೆ ಥ್ರೆಡ್ಡಿಗೆ ಸಾಗಿಸಲಾಗಿದೆ. – ನಿರ್ವಾಹಕ)

ಹಿರಿಯೂರು_ಬಳ್ಳಿ:
ಸುರಿದು ನೋಡಿದೆ. ವಾಸನೆ ಬಹಳ ಕಡಿಮೆ ಆಗಿದೆ, ಪೂರ್ತಿ ಹೋಗಿಲ್ಲ. ಬ್ರಿಕ್ಸ್ ಮಾತ್ರ ಅದೇ 9. ಇದಕ್ಕೆ ಯಾರೂ ಉತ್ತರ ಕೊಡ್ಲಿಲ್ಲ.

ಕೋಟೆನಾಡು_ಸೆಲ್ಲಾರ್:
ಕೊಟ್ಟೆನಲ್ಲ, ಇಸಿ-1118.

ಅಡಿಕೆ_ಚನ್ನಗಿರಿ:
ಯಾವುದರಲ್ಲಿ ಅಳೀತಿದೀರಿ? ಒಂದು ಹನಿ ಹಾಕಿ ಕಣ್ಣಿಗೆ ಹಿಡಿಯೋ ರಿಫ್ರಾಕ್ಟೋಮೀಟರಾ?

ಹಿರಿಯೂರು_ಬಳ್ಳಿ:
ಹೌದು, ತೋಟದಲ್ಲಿ ಹಣ್ಣು ನೋಡೋದು ಅದರಲ್ಲೇ. ಒಳ್ಳೇದೇ ಇದೆ.

ಅಡಿಕೆ_ಚನ್ನಗಿರಿ:
ಒಳ್ಳೇದೇ ಇರಬಹುದು. ಆದರೆ ಅದು ಹಣ್ಣಿಗೆ. ಆಲ್ಕೋಹಾಲ್ ಬಂದ ಮೇಲೆ ಬೆಳಕು ಬಾಗೋ ರೀತಿಯೇ ಬದಲಾಗಿ ರೀಡಿಂಗ್ ಮೇಲಕ್ಕೆ ತೋರಿಸುತ್ತೆ. 22ರಿಂದ ಶುರುವಾಗಿ 9 ತೋರಿಸ್ತಿದೆ ಅಂದ್ರೆ ನಿಜವಾದ ಸಾಂದ್ರತೆ ಸುಮಾರು 1.006 (ನೀರಿನದು 1.000). ಸಕ್ಕರೆ ಹೆಚ್ಚು ಕಡಿಮೆ ಮುಗಿದಿದೆ. ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ತೇಲಿಬಿಟ್ಟು ನೋಡಿ, ಅಲ್ಲಿವರೆಗೆ ಯಾವ ಯೀಸ್ಟೂ ಸುರೀಬೇಡಿ.

ಬೆಣ್ಣೆದೋಸೆ_ದಾವಣಗೆರೆ:
ನನ್ನ ಹತ್ರ ಎರಡು ಹೈಡ್ರೋಮೀಟರ್ ಅದಾವು, ಬಂದು ಒಂದು ಒಯ್ರಿ. ಟ್ಯಾಂಕೂ ನೋಡಿದಂಗಾಗತೈತಿ.

ಹಿರಿಯೂರು_ಬಳ್ಳಿ:
ಭಾನುವಾರ ಬರ್ತೀನಿ. ಟ್ಯಾಂಕ್ ನೋಡೋಕಲ್ಲ.

ಗದ್ದೆ_ಹೊಸಬ:
ಸರ್, ನಂದು ದಾಳಿಂಬೆ. ಬೀಜ ಜಜ್ಜಿ ಹಾಕಿದೆ, ವಗರು ಬಂದಿದೆ. ಇದಕ್ಕೆ ಹೊಸ ಥ್ರೆಡ್ ತೆಗೀಬೇಕಾ, ಇಲ್ಲೇ ಕೇಳ್ಲಾ?