ಡಿ ಅಂಡ್ ಡಿ ಫೈಟ್ ಎಲ್ಲಾ ಒಂದೇ ಥರ ಆಗ್ತಿದೆ, ಇನ್ನೊಂದು ಮಾನ್‌ಸ್ಟರ್ ಬುಕ್ ತಗೊಳ್ಳಲಾ?

ಕತ್ಲೆಗುಹೆ:
ಎಲ್ರಿಗೂ ನಮಸ್ಕಾರ. ಫ್ರೆಂಡ್ಸ್ ಗ್ಯಾಂಗಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಪಾತ್ರ ಹಾಕ್ಕೊಂಡು ಡೈಸ್ ಉರುಳಿಸಿ ಕಥೆ ಕಟ್ಟೋ ಆಟ) ಐದನೇ ಎಡಿಷನ್ ಆಡಿಸ್ತಿದೀನಿ, ನಾನೇ ಡಿಎಮ್ಮು, ಅಂದ್ರೆ ಕಥೆ ನಡೆಸೋದೂ ಮಾನ್‌ಸ್ಟರ್‌ಗಳನ್ನ ಆಡಿಸೋದೂ ನಾನೇ, ನನ್ಹತ್ರ ಇರೋದು 2014ರ ಮಾನ್‌ಸ್ಟರ್ ಮ್ಯಾನ್ಯುಯಲ್ ಒಂದೇ. ಎಲ್ರೂ ಮೂರನೇ ಲೆವೆಲ್. ಗಾಬ್ಲಿನ್, ಸ್ಕೆಲಿಟನ್, ತೋಳ, ಆರ್ಕ್ ಎಲ್ಲಾ ಬಂದು ಹೋದ್ವು, ಈಗೀಗ ಎದುರಿಗಿರೋದು ಏನು ಅಂತಾನೂ ಯಾರೂ ಕೇಳಲ್ಲ, ಹತ್ರ ಹೋಗೋದು ಡೈಸ್ ಉರುಳ್ಸೋದು ಡ್ಯಾಮೇಜ್ ಹೇಳೋದು ಮುಗೀತು. ಹೊಸ ಬುಕ್ ತಗೊಂಡ್ರೆ ಸರಿ ಹೋಗತ್ತಾ? ರೇಟ್ ನೋಡಿದ್ರೆ ಭಯ ಆಗತ್ತೆ.

ಇಪ್ಪತ್ತರಕಟ್ಟೆ:
ತಗೋಬೇಡಿ ಗುರು, ಈಗ್ಲೇ ಬೇಡ. ಗಾಬ್ಲಿನ್‌ಗೆ ಇರೋದು 7 ಎಚ್‌ಪಿ (ಜೀವದ ಪಾಯಿಂಟು), ಎದುರು ನಿಂತ್ರೆ ಒಂದೇ ಏಟಿಗೆ ಹೋಗತ್ತೆ. ಆದ್ರೆ ಅದಕ್ಕೆ ಪ್ರತಿ ಟರ್ನೂ ಬೋನಸ್ ಆಕ್ಷನ್‌ನಲ್ಲಿ (ಏಟಿನ ಜೊತೆಗೆ ಸಿಗೋ ಇನ್ನೊಂದು ಚಿಕ್ಕ ಚಾನ್ಸು) ಬಚ್ಚಿಟ್ಕೊಳ್ಳೋಕೆ ಅಥವಾ ಕೈಗೆ ಸಿಗದೆ ಜಾರ್ಕೊಳ್ಳೋಕೆ ಆಗತ್ತೆ. ಪೊದೆ ಹಿಂದಿಂದ ಬಾಣ ಬಿಡು, ಮತ್ತೆ ಅಡಗು, ಇಷ್ಟೇ ಮಾಡ್ಸಿ ನೋಡಿ. ಹಾಬ್‌ಗಾಬ್ಲಿನ್ ಇದಕ್ಕೆ ಉಲ್ಟಾ, ಏಟು ತಿನ್ನೋನ ಪಕ್ಕದಲ್ಲಿ ಅದರ ಜೊತೆಗಾರ ಇದ್ರೆ ಮಾತ್ರ ಅದರ ಏಟಿಗೆ ಎಕ್ಸ್‌ಟ್ರಾ ಎರಡು ಡೈಸ್ ಡ್ಯಾಮೇಜು, ಅದಕ್ಕೇ ಸಾಲುಗಟ್ಟಿ ನಿಲ್ಲತ್ತೆ, ಆ ಸಾಲು ಒಡೆಯೋದೇ ಪ್ಲೇಯರ್ಸ್ ಕೆಲಸ. ಇವೆರಡನ್ನೂ ಒಂದೇ ಥರ ಓಡಿಸಿದ್ರೆ ನೂರು ಬುಕ್ ಇದ್ರೂ ಅಷ್ಟೇ. 1987ರಲ್ಲಿ ಡ್ರ್ಯಾಗನ್ ಮ್ಯಾಗಜೀನ್‌ನಲ್ಲಿ ಟಕರ್‌ನ ಕೋಬೋಲ್ಡ್‌ಗಳು (ತೀರಾ ದುರ್ಬಲ ಪುಟ್ಟ ಮಾನ್‌ಸ್ಟರ್‌ಗಳು) ಅಂತ ಒಂದು ಬರಹ ಬಂದಿತ್ತು, ಸುರಂಗ, ಬೆಂಕಿ, ಗೋಡೆ ತೂತುಗಳಿಂದ ಬಾಣ, ಇಷ್ಟ್ರಲ್ಲೇ ದೊಡ್ಡ ಲೆವೆಲ್ ಪಾರ್ಟಿನೂ ಕೋಬೋಲ್ಡ್‌ಗೆ ಹೆದರಿ ಓಡ್ತಿತ್ತು.

ತುಕ್ಕುಕತ್ತಿ:
ಮೇಲಿನವ್ರು ಹೇಳಿದ್ದು ಸರಿನೇ, ಆದ್ರೆ ಅರ್ಧ. ಎಷ್ಟೇ ಚೆನ್ನಾಗಿ ಓಡಿಸಿದ್ರೂ ಗಾಬ್ಲಿನ್ ಗಾಬ್ಲಿನ್ನೇ, ಕೆಲವು ಮಾನ್‌ಸ್ಟರ್‌ಗಳು ಮಾತ್ರ ಆಟದ ಲೆಕ್ಕಾನೇ ಬದಲಾಯಿಸ್ತವೆ. ರಸ್ಟ್ ಮಾನ್‌ಸ್ಟರ್ ತಗೊಳ್ಳಿ, ನಿಮ್ಮ ಬುಕ್ಕಲ್ಲೇ ಇದೆ, ಲೆವೆಲ್ ಮೂರಕ್ಕೆ ಆರಾಮಾಗಿ ಹಾಕ್ಬಹುದು. ಅದು ಮನುಷ್ಯರನ್ನ ತಿನ್ನಲ್ಲ, ಕಬ್ಬಿಣ ತಿನ್ನತ್ತೆ. ಮೀಸೆ ತಾಗಿದ್ರೆ ರಕ್ಷಾಕವಚದ ಎಸಿ (ಏಟು ತಡೆಯೋ ನಂಬರ್) ಒಂದೊಂದೇ ಇಳಿಯತ್ತೆ, ಮಾಮೂಲಿ ಕತ್ತೀಲಿ ಹೊಡೆದ್ರೆ ಕತ್ತಿಗೇ ತುಕ್ಕು. ಯಾವಾಗ್ಲೂ ಮುಂದೆ ನುಗ್ಗೋ ಫೈಟರ್ ಹಿಂದೆ ಸರೀತಾನೆ, ಕೋಲು ಹಿಡ್ಕೊಂಡಿರೋ ವಿಝರ್ಡ್ ಮುಂದೆ ಬರ್ಬೇಕಾಗತ್ತೆ. ಮೂವತ್ತು ಅಡಿ ಒಳಗಿರೋ ಕಬ್ಬಿಣದ ವಾಸನೆ ಅದಕ್ಕೆ ಗೊತ್ತಾಗೋದ್ರಿಂದ ಯಾರಾದ್ರೂ ಒಂದು ಚೀಲ ಮೊಳೆ ಆ ಕಡೆ ಎಸೆದ್ರೆ ಫೈಟೇ ಇಲ್ದೆ ಪಾರಾಗ್ಬಹುದು, ಅಂಥ ಐಡಿಯಾ ಬಂದ್ರೆ ಖಂಡಿತ ಒಪ್ಕೊಳ್ಳಿ. ಅಂದ್ಹಾಗೆ ಈ ಪ್ರಾಣಿ ಹುಟ್ಟಿದ್ದು ಒಂದು ಅಗ್ಗದ ಪ್ಲಾಸ್ಟಿಕ್ ಆಟಿಕೆಯಿಂದ, ಈ ಆಟ ಹುಟ್ಟುಹಾಕಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಟೇಬಲ್ ಮೇಲಿಡೋಕೆ ತಂದಿದ್ದ ಹಾಂಗ್‌ಕಾಂಗ್ ಪ್ಯಾಕೆಟ್‌ನಲ್ಲಿ ಇದೂ, ಔಲ್‌ಬೇರ್, ಬುಲೆಟ್ ಅನ್ನೋ ಇನ್ನೆರಡು ಮಾನ್‌ಸ್ಟರ್‌ಗಳೂ, ಮೂರೂ ಇದ್ವು.

ಬಣ್ಣದವೇಷ:
ನಮ್ಮ ರಾಕ್ಷಸರೂ ಇದಾರೆ ಅಲ್ವಾ ಆ ಬುಕ್ಕಲ್ಲಿ. 1977ರ ಮೊದಲ ಮ್ಯಾನ್ಯುಯಲ್‌ನಲ್ಲೇ ಬಂದಿದಾರೆ, ಹುಲಿ ತಲೆ ಹಾಕಿ ಕೂರ್ಸಿದಾರೆ. ಯಕ್ಷಗಾನದಲ್ಲಿ ಚಿಟ್ಟೆ ಇಟ್ಟ ಮುಖ, ತೆರೆ ಹಿಂದಿನ ಆರ್ಭಟ ನೋಡ್ಕೊಂಡು ಬೆಳೆದ ನನಗೆ ಅದು ಸಪ್ಪೆ. ಅದೂ ಅಲ್ದೆ ಚಾಲೆಂಜ್ ರೇಟಿಂಗ್ (ಎಷ್ಟು ಕಷ್ಟ ಅನ್ನೋ ನಂಬರ್) 13, ಲೆವೆಲ್ ಮೂರಕ್ಕೆ ಮಾರಣಹೋಮ.

ಅದರ ಬದ್ಲು ರಕ್ತಬೀಜನ್ನ ತನ್ನಿ. ಓಕರ್ ಜೆಲ್ಲಿ ಅಂತ ಇದೆ ನೋಡಿ, ಕತ್ತೀಲಿ ಕಡಿದ್ರೆ ನೋವೇ ಆಗಲ್ಲ, ಎರಡಾಗತ್ತೆ, ಇರೋ ಎಚ್‌ಪಿ ಅರ್ಧರ್ಧ ಹಂಚ್ಕೊಳ್ಳತ್ತೆ. ಆ ರೂಲ್ಸ್ ಹಾಗೇ ಇಟ್ಕೊಂಡು ಮೇಲೆ ಅಸುರನ ರೂಪ ಕೊಡಿ, ನೆಲಕ್ಕೆ ರಕ್ತ ಬಿದ್ದಲ್ಲಿ ಇನ್ನೊಬ್ಬ ಎದ್ದ ಅಂತ ಹೇಳಿ. ಗದೆ, ಬೆಂಕಿ ನಡೆಯತ್ತೆ ಅನ್ನೋದನ್ನ ಅವ್ರೇ ಕಂಡ್ಹಿಡೀಲಿ. ಇನ್ನು ಬಕಾಸುರನಿಗೆ ಓಗರ್ ನಂಬರ್‌ಗಳೇ ಸಾಕು, 59 ಎಚ್‌ಪಿ. ಊರಿಂದ ದಿನಾ ಒಂದು ಗಾಡಿ ಅನ್ನ, ಜೊತೆಗೊಬ್ಬ ಮನುಷ್ಯ ಹೋಗ್ಬೇಕು, ಇವತ್ತಿನ ಸರದಿ ಯಾರ ಮನೇದು ಅಂತ ಊರಲ್ಲಿ ಶುರು ಮಾಡಿ. ಗಾಡಿ ಹೊಡೆಯೋಕೆ ಯಾರು ಹೋಗ್ತಾರೆ, ಅನ್ನಕ್ಕೆ ಏನು ಬೆರೆಸೋದು ಅಂತಾನೇ ಒಂದು ಸಂಜೆ ಕಳೆಯತ್ತೆ, ಡೈಸ್ ಆಮೇಲೆ.

ಕತ್ಲೆಗುಹೆ:
ಬಕಾಸುರ ಫಿಕ್ಸ್! ನಮ್ಮ ಗ್ಯಾಂಗ್‌ನಲ್ಲಿ ಫೈಟರ್, ಪ್ಯಾಲಡಿನ್ ಇಬ್ರೂ ಕತ್ತಿಯವ್ರೇ, ರಕ್ತಬೀಜ ತಂದ್ರೆ ಎಲ್ರೂ ಸತ್ತೇ ಹೋಗಲ್ವಾ?

ಬಣ್ಣದವೇಷ:
ಇಲ್ಲ ಇಲ್ಲ, 45 ಎಚ್‌ಪಿ ಅಷ್ಟೇ ಅದಕ್ಕೆ, ಹತ್ತಕ್ಕಿಂತ ಕೆಳಗೆ ಬಂದ್ಮೇಲೆ ಒಡೆಯೋದೂ ಇಲ್ಲ. ಬಾಗಿಲ ಹತ್ರ ಒಂದು ಪಂಜು, ಗೋಡೆಗೆ ಒರಗಿಸಿಟ್ಟ ಒಂದು ಒನಕೆ ಇದೆ ಅಂತ ಮೊದ್ಲೇ ವರ್ಣನೆ ಮಾಡಿಡಿ. ಕೈಗೆತ್ಕೊಳ್ಳೋದು ಅವ್ರಿಗೆ ಬಿಟ್ಟಿದ್ದು.