ಡಬ್ಬಿಯೂ ಕಾಳುವೂ

ಮಳೆ ಹಿಡಿದುಬಿಟ್ಟಿತ್ತು. ರಾಮಣ್ಣನ ಜಗಲಿಯಲ್ಲಿ ಹಲಸಿನ ಹಪ್ಪಳ, ಬೆಲ್ಲದ ಕಾಫಿ, ನಡುವೆ ಒಂದು ಮಾತ್ರೆ ಡಬ್ಬಿ.

"ಆಂಟಿಆಕ್ಸಿಡೆಂಟ್. ಬೆಂಗಳೂರಿಂದ ಮಗ ಕಳಿಸ್ತಾನೆ. ಇಲ್ಲದಿದ್ರೆ ಮೈಯೊಳಗೆ ತುಕ್ಕು ಹಿಡಿಯುತ್ತಂತೆ."

"ನೀನೇನು ಕತ್ತಿಯಾ ಮಾರಾಯ?" ಎಂದ ಶೀನ. "ಟೀ ಪುಡಿಗೂ ಅದೇ ಹೆಸರು, ಮುಖದ ಕ್ರೀಮಿಗೂ ಅದೇ. ಹಗ್ಗ ಕಟ್ಟಿದ ನಿನ್ನ ನಾಯಿ ಕಾಳುವನ್ನು ನೋಡು. ಜೀವಕೋಶದಲ್ಲೂ ಇಂಥದೇ ನಾಯಿ ಇದೆ, ಒಂದು ಪ್ರೋಟೀನು. ಹೆಸರು ಎನ್‌ಆರ್‌ಎಫ್‌ 2. ಕೀಪ್ 1 ಅನ್ನೋ ಇನ್ನೊಂದು ಪ್ರೋಟೀನಿನ ಹಗ್ಗ ಅದನ್ನು ಹಿಡಿದಿರುತ್ತೆ. ಆಕ್ಸಿಡೆಂಟು ಅಂದ್ರೆ ಕೋಶ ಕೆಡಿಸೋ ವಸ್ತು, ತೋಟಕ್ಕೆ ನುಗ್ಗೋ ಮಂಗ ಇದ್ದ ಹಾಗೆ. ಮಂಗ ಕಚ್ಚೋದು ಹಗ್ಗದ ಗಂಧಕದ ಗಂಟನ್ನೇ! ಹಗ್ಗ ಸಡಿಲ, ನಾಯಿ ಸೀದಾ ಕೋಶಕೇಂದ್ರಕ್ಕೆ. ಡಿಎನ್‌ಎ ಮುಂದೆ ನಿಂತು ಬೊಗಳಿತೋ, ನೂರಾರು ಜೀನ್ ಎದ್ದು ಕೂರುತ್ತವೆ. ಕೋಶದ ಸ್ವಂತ ಆಂಟಿಆಕ್ಸಿಡೆಂಟ್ ಗ್ಲುಟಾಥಯೋನ್ ಮಾಡೋದು, ವಿಷ ಕಳೆಯೋದು, ಎಲ್ಲ ಆಗ ಶುರು."

"ಮಂಗ ಬರದಿದ್ರೆ?" ಎಂದರು ಭಟ್ಟರು.

"ಹಗ್ಗವೇ ನಾಯಿಯನ್ನು ಚೂರು ಮಾಡೋ ಯಂತ್ರಕ್ಕೆ ದಾಟಿಸುತ್ತೆ. ಸುಮಾರು 20 ನಿಮಿಷದಲ್ಲಿ ಅರ್ಧಕ್ಕರ್ಧ ಖಾಲಿ. ಕೋಶ ಹೊಸ ನಾಯಿ ಮಾಡ್ತಾನೇ ಇರುತ್ತೆ."

ರಾಮಣ್ಣ ಕಾಳುವಿನ ಕಡೆ ನೋಡಿ "ಪಾಪ" ಎಂದ.

"ಯಾವಾಗಲೂ ಬಿಚ್ಚಿಟ್ಟರೆ ಆಯ್ತಪ್ಪ" ಎಂದರು ಭಟ್ಟರು.

"ಕೆಲವು ಕ್ಯಾನ್ಸರ್ ಗೆಡ್ಡೆ ಮಾಡೋದೇ ಅದು ಭಟ್ರೇ. ಆಗ ನಾಯಿ ಕಳ್ಳನ ಮನೆ ಕಾಯುತ್ತೆ. ಔಷಧಿ ತಂದವರನ್ನೇ ಕಚ್ಚುತ್ತೆ."

"ನನ್ನ ಡಬ್ಬಿ ಏನು ಮಾಡ್ತು?"

"ಮಂಗನನ್ನೇ ಓಡಿಸ್ತು, ನಾಯಿ ಏಳಲೇ ಇಲ್ಲ. ವ್ಯಾಯಾಮ ಮಾಡಿದ್ರೂ ಮೈಯಲ್ಲಿ ಮಂಗ ಬರುತ್ತೆ. 2009ರ ಒಂದು ಜರ್ಮನ್ ಅಧ್ಯಯನದಲ್ಲಿ ಹುಡುಗರಿಗೆ 4 ವಾರ ವ್ಯಾಯಾಮ ಮಾಡಿಸಿದರು. ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡಿದ್ದು ಮಾತ್ರೆ ನುಂಗದವರಲ್ಲಿ. ಸಿ, ಇ ವಿಟಮಿನ್ ನುಂಗಿದವರಿಗೆ ಬೆವರಷ್ಟೇ ಲಾಭ."

ಭಟ್ಟರಿಗೆ ಜರ್ಮನಿ ಸಾಕಾಗಿತ್ತು. "ಈ ಮಳೆಗೆ ಅಡಿಕೆಗೆ ಕೊಳೆರೋಗ ಗ್ಯಾರಂಟಿ. ಬೋರ್ಡೋ ಮದ್ದು ಹೊಡೆದಾಯ್ತಾ ರಾಮಣ್ಣ?"

"ಆಳುಗಳು ಹೊಡೆದ್ರು. ನೀನು ತೋಟಕ್ಕೆ ಇಳೀಬೇಡ, ಸ್ಟ್ರೆಸ್ ಆಗುತ್ತೆ ಅಂದಿದ್ದಾನೆ ಮಗ." ಅಂಗೈ ತಿರುಗಿಸಿ ನೋಡಿಕೊಂಡ. ಕತ್ತಿ ಹಿಡಿದು ಬಂದಿದ್ದ ದಡ್ಡು ಅರ್ಧ ಮೆತ್ತಗಾಗಿತ್ತು.

ಶೀನನಿಗೂ ಮಾತು ಬರಲಿಲ್ಲ. ಹಪ್ಪಳ ಎತ್ತಿಕೊಂಡ.

ಕಾಳು ಹಗ್ಗ ಜಗ್ಗಿ ಒಂದೇ ಸಮ ಬೊಗಳಿತು. ಉಣಗೋಲಿನ ಹತ್ತಿರ ಯಾರೋ ಕೊಡೆ ಹಿಡಿದು ನಿಂತಿದ್ದರು. ರಾಮಣ್ಣ ಚಪ್ಪಲಿಯನ್ನೂ ಹಾಕದೆ ಅಂಗಳಕ್ಕೆ ಇಳಿದ. "ಹೇಳದೇ ಕೇಳದೇ ಬಂದ್ನಲ್ಲಪ್ಪ ಇವ್ನು!"

ಕೊರಿಯರ್ ಹುಡುಗ. ಕೈಯಲ್ಲಿ ಮುಂದಿನ ತಿಂಗಳ ಡಬ್ಬಿ.