ಹೆಂಚು ಕೈಯಾಡಿಸಲು ಸ್ವತಃ ಮನೆಯ ಮಾಡು (ಛಾವಣಿ) ಹತ್ತಿದವರ ಅನುಭವಗಳು

ಸಾಗರದ ಕಡೆಯವನು:
ನಮ್ಮದು ಅಜ್ಜ ಕಟ್ಟಿಸಿದ ಮಂಗಳೂರು ಹೆಂಚಿನ ಮನೆ. ಮಂಗಗಳ ಹಾವಳಿಯಿಂದ ನಲವತ್ತರಷ್ಟು ಹೆಂಚುಗಳು ಒಡೆದಿವೆ ಇಲ್ಲವೇ ಜರುಗಿವೆ. ಒಡೆದದ್ದನ್ನು ಬದಲಿಸಿ ಜರುಗಿದ್ದನ್ನು ಸರಿಯಾಗಿ ಕೂರಿಸುವವರು, ಅಂದರೆ ಕೈಯಾಡಿಸುವವರು, ಮೂರು ವಾರಗಳಿಂದ ಸಿಕ್ಕಿಲ್ಲ. ಮಳೆಗಾಲಕ್ಕೆ ಮುನ್ನ ನಾನೇ ಹತ್ತಬೇಕೆಂದಿದ್ದೇನೆ. ಹಲಸಿನ ಮರದ ನೆರಳು ಬೀಳುವ ಬಡಗಣ ಇಳಿಜಾರಿನಲ್ಲಿ ಪಾಚಿ ಕಟ್ಟಿದೆ ಎಂಬುದೇ ನನ್ನ ಚಿಂತೆ. ಹತ್ತಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ತೀರ್ಥಹಳ್ಳಿ ತೋಟದವನು:
ಎರಡು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ನಾನೂ ಇದೇ ನಿರ್ಧಾರ ಮಾಡಿದ್ದೆ. ಅದರ ನೋವು ಇಂದಿಗೂ ನನ್ನ ಎಡಗಾಲಿನ ಹಿಮ್ಮಡಿಯಲ್ಲಿದೆ. ನಾನು ಕಾಲಿಟ್ಟ ಹೆಂಚು ಗಟ್ಟಿಯಾಗಿಯೇ ಇತ್ತು. ಅದನ್ನು ಹೊತ್ತಿದ್ದ ರೀಪು (ಮರದ ಅಡ್ಡಪಟ್ಟಿ) ಗೆದ್ದಲು ತಿಂದು ಒಳಗೆ ಟೊಳ್ಳಾಗಿತ್ತು, ಮೇಲೆ ನಿಂತವನಿಗೆ ಅದು ಕಾಣುವುದಿಲ್ಲ. ಹನ್ನೊಂದು ಅಡಿ ಕೆಳಗಿನ ಅಡುಗೆಮನೆಯ ನೆಲಕ್ಕೆ ನೇರವಾಗಿ ಕಾಲೂರಿ ಬಿದ್ದೆ. ಶಸ್ತ್ರಚಿಕಿತ್ಸೆಗೆ ಮತ್ತು ಪ್ಲೇಟಿಗೆ 1,12,000 ರೂಪಾಯಿ, ಸ್ಕ್ಯಾನಿಂಗಿಗೆ 6,500, ಶಿವಮೊಗ್ಗಕ್ಕೆ ಒಂಬತ್ತು ಸಲ ಬಾಡಿಗೆ ಕಾರಿಗೆ 19,800, ನಲವತ್ತು ದಿನಗಳ ಫಿಸಿಯೋಥೆರಪಿಗೆ 16,000: ಒಟ್ಟು 1,54,300 ರೂಪಾಯಿ. ಅದಕ್ಕಿಂತ ಹೆಚ್ಚಾಗಿ, ಮಳೆ ಹಿಡಿಯುವ ಮುನ್ನ ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಲು ಓಡಾಡುವವರಿಲ್ಲದೆ ಆ ವರ್ಷ ಕೊಳೆರೋಗದಲ್ಲಿ ಅರ್ಧ ಫಸಲು ಉದುರಿಹೋಯಿತು. ಉಳಿಸಲು ಹೊರಟಿದ್ದು ಇಬ್ಬರ ಎರಡು ದಿನದ ಕೂಲಿ, 4,000 ರೂಪಾಯಿ. ಹತ್ತುವ ಮುನ್ನ ಅಟ್ಟಕ್ಕೆ ಹೋಗಿ ಪ್ರತಿಯೊಂದು ರೀಪನ್ನೂ ಅದನ್ನು ಹೊರುವ ಪಕಾಸನ್ನೂ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ನನ್ನನ್ನು ಕೇಳಿದರೆ ಹತ್ತುವುದೇ ಬೇಡ.

ಪುತ್ತೂರಿನ ನಿವೃತ್ತ ಮೇಷ್ಟ್ರು:
ಇಪ್ಪತ್ತೆರಡು ವರ್ಷಗಳಿಂದ ನಮ್ಮ ಮನೆಯ ಹೆಂಚನ್ನು ನಾನೇ ಕೈಯಾಡಿಸುತ್ತಿದ್ದೇನೆ, ಒಮ್ಮೆಯೂ ಬಿದ್ದಿಲ್ಲ. ಮೇಲಿನವರ ನೋವಿಗೆ ಮರುಗುತ್ತೇನೆ, ಆದರೆ ಅವರು ಹೆಂಚಿನ ನಡುಭಾಗಕ್ಕೆ ಕಾಲಿಟ್ಟಿರಬೇಕು ಎಂದು ನನ್ನ ಅನುಮಾನ. ಒಂದು ಹೆಂಚು ಇನ್ನೊಂದರ ಮೇಲೆ ಕೂತು, ಕೆಳಗೆ ರೀಪಿನ ಆಸರೆ ಇರುವಲ್ಲಿ ಮಾತ್ರ ಭಾರ ಹಾಕಬೇಕು. ನಾನು ಬಳಸುವುದು ಐಎಸ್ 3521 ಎಂಬ ಭಾರತೀಯ ಮಾನಕದ ಗುರುತಿರುವ, ಭುಜಕ್ಕೂ ತೊಡೆಗೂ ಪಟ್ಟಿ ಇರುವ ಹಾರ್ನೆಸ್. ಬೆಲೆ 2,350 ರೂಪಾಯಿ, ಹಗ್ಗಕ್ಕೆ ಬೇರೆ 1,400. ಹಗ್ಗವನ್ನು ಮಾಡಿನ ನೆತ್ತಿಯ ಮೇಲಿಂದ ದಾಟಿಸಿ ಆಚೆ ಬದಿಯ ತೆಂಗಿನ ಬುಡಕ್ಕೆ ಬಿಗಿಯುತ್ತೇನೆ, ನೆತ್ತಿಯ ಹೆಂಚಿಗೆ ಉಜ್ಜುವಲ್ಲಿ ಗೋಣಿಚೀಲ ಮಡಚಿ ಇಡುತ್ತೇನೆ. ಹಗ್ಗ ಸಡಿಲವಾಗಿದ್ದರೆ ಅದು ಇದ್ದೂ ಇಲ್ಲದಂತೆ. ಸೊಂಟಕ್ಕೆ ಬರೀ ಬಾವಿ ಹಗ್ಗ ಕಟ್ಟಿಕೊಂಡು ಹತ್ತುವವರನ್ನು ಕಂಡರೆ ನನಗೆ ತಡೆಯಲಾಗದ ಸಿಟ್ಟು ಬರುತ್ತದೆ. ಬಿದ್ದಾಗ ಆ ಹಗ್ಗವೇ ಪಕ್ಕೆಲುಬು ಮುರಿಯಬಲ್ಲದು.

ತೀರ್ಥಹಳ್ಳಿ ತೋಟದವನು:
ಮೇಷ್ಟ್ರೇ, ನಾನು ಎಲ್ಲಿ ಕಾಲಿಟ್ಟೆನೆಂದು ತಾವು ಪುತ್ತೂರಿನಲ್ಲಿ ಕುಳಿತು ಹೇಳುವುದು ಸರಿಯಲ್ಲ. ನಾನು ರೀಪಿನ ಮೇಲೆಯೇ ಕಾಲಿಟ್ಟಿದ್ದೆ, ಮುರಿದದ್ದೇ ರೀಪು. ಈಗ ಮರದ ಅಟ್ಟಣಿಗೆ ಕಿತ್ತು ಕಬ್ಬಿಣದ ಪೈಪಿನ ಮೇಲೆ ಬಣ್ಣದ ತಗಡು ಹೊದಿಸಿದ್ದೇನೆ, ವರ್ಷವರ್ಷ ಹತ್ತುವ ಕೆಲಸವೇ ಇಲ್ಲ.

ಹಾಸನದ ಹೈನುಗಾರ:
ಶೀಟಿನವರು ಹೀಗೆ ಧೈರ್ಯ ತುಂಬುವುದೇ ಅಪಾಯ. ಇವರದು ತಗಡು, ಸರಿ. ಹಳ್ಳಿಗಳಲ್ಲಿ ಹೆಚ್ಚಿರುವುದು ಸಿಮೆಂಟು ಶೀಟು. ನಮ್ಮ ಕೊಟ್ಟಿಗೆಯದು ಹದಿನೆಂಟು ವರ್ಷ ಹಳೆಯದು, ನೋಡಲು ಕಲ್ಲಿನಂತಿತ್ತು. ಬೋಲ್ಟಿನ ಸಾಲು ಬಿಟ್ಟು ಒಂದೇ ಹೆಜ್ಜೆ ಪಕ್ಕಕ್ಕಿಟ್ಟೆ; ಮುನ್ಸೂಚನೆಯ ಸದ್ದೂ ಇಲ್ಲದೆ ಒಡೆಯಿತು. ಹುಲ್ಲಿನ ರಾಶಿಯ ಮೇಲೆ ಬಿದ್ದದ್ದರಿಂದ ಉಳಿದೆ, ಆದರೆ ಅಂಚು ಸೀಳಿ ತೊಡೆಗೆ ಹದಿನಾಲ್ಕು ಹೊಲಿಗೆ ಬಿತ್ತು. ಈಗ ಎರಡು ಅಡ್ಡಪಟ್ಟಿಗಳನ್ನು ದಾಟುವಷ್ಟು ಉದ್ದದ, ಒಂದೂವರೆ ಅಡಿ ಅಗಲದ ಹಲಗೆ ಹಾಸದೆ ಯಾರನ್ನೂ ಹತ್ತಗೊಡುವುದಿಲ್ಲ. ಅಂತಹ ಹಳೆಯ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಒಣಗಿದ್ದಾಗ ಅದನ್ನು ಉಜ್ಜಿ ಧೂಳೆಬ್ಬಿಸಬಾರದು.

ಶಿರಸಿಯ ಗೃಹಿಣಿ:
ನೀವೆಲ್ಲರೂ ಮಾಡಿನ ಮೇಲಿನದನ್ನೇ ಬರೆದಿದ್ದೀರಿ. ನಮ್ಮ ಮನೆಯವರು ಮಾಡಿಗೆ ಮುಟ್ಟಲೇ ಇಲ್ಲ. ಅಲ್ಯೂಮಿನಿಯಂ ಏಣಿಯನ್ನು ನಿಲ್ಲಿಸಿಕೊಂಡೇ ಜರುಗಿಸುವಾಗ ಅದರ ತುದಿ ಕಂಬದಿಂದ ಮನೆಗೆ ಬರುವ ತಂತಿಗೆ ತಗುಲಿತು, ತಂತಿಯ ಮೇಲ್ಪೊರೆ ಬಿಸಿಲಿಗೆ ಉದುರಿಹೋಗಿತ್ತು. ಜೀವ ಉಳಿಯಿತು; ಬಲಗೈಯ ಎರಡು ಬೆರಳು ಉಳಿಯಲಿಲ್ಲ. ಅಂದಿನಿಂದ ನಮ್ಮಲ್ಲಿ ಬಿದಿರಿನ ಏಣಿಯೇ. ಸೂರು ಹನ್ನೆರಡು ಅಡಿ ಎತ್ತರವಿದ್ದರೆ ಬುಡ ಮೂರು ಅಡಿ ಆಚೆ ಇರಬೇಕು, ತುದಿ ಸೂರಿಗಿಂತ ಮೂರು ಅಡಿ ಮೇಲಿರಬೇಕು, ಮತ್ತು ಮೇಲೆ ಕಟ್ಟಿ ಭದ್ರವಾಗುವ ತನಕ ಹಿಡಿದವರು ಏಣಿ ಬಿಟ್ಟು ಅಲುಗಬಾರದು. ಏಣಿ ಹಿಡಿಯುವುದು ಹೆಚ್ಚಾಗಿ ನಾವು ಹೆಂಗಸರೇ, ಹಾಗಾಗಿ ಇದನ್ನು ಅಧಿಕಾರದಿಂದಲೇ ಹೇಳುತ್ತಿದ್ದೇನೆ.

ಪುತ್ತೂರಿನ ನಿವೃತ್ತ ಮೇಷ್ಟ್ರು:
ಅಕ್ಕ, ಒಪ್ಪಿದೆ, ಏಣಿಯ ಮಾತು ನಾನೇ ಮೊದಲು ಹೇಳಬೇಕಿತ್ತು. ತೀರ್ಥಹಳ್ಳಿಯವರೇ, ರೀಪೇ ಮುರಿದಿದ್ದರೆ ನನ್ನ ಅನುಮಾನವನ್ನು ಹಿಂತೆಗೆದುಕೊಳ್ಳುತ್ತೇನೆ, ಆದರೆ ತಗಡಿನ ಮಾತನ್ನು ಒಪ್ಪಲಾರೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಕಾರ್ಖಾನೆ ಆರಂಭಿಸಿದಂದಿನಿಂದ ಕರಾವಳಿ ಮಲೆನಾಡುಗಳು ಈ ಹೆಂಚಿನಡಿಯಲ್ಲೇ ಬಾಳಿವೆ. ಒಡೆದ ಒಂದನ್ನು ತೆಗೆದು ಇನ್ನೊಂದನ್ನು ಇಡಬಹುದಾದ ಮಾಡು ಇದು.

ತೀರ್ಥಹಳ್ಳಿ ತೋಟದವನು:
ಆ ಒಂದನ್ನು ಇಡಲು ಹೋಗಿಯೇ ನಾನು ಕುಂಟುತ್ತಿದ್ದೇನೆ. ಈ ವಿಷಯದಲ್ಲಿ ನನಗೆ ಪಾಠ ಬೇಡ.

ಸಾಗರದ ಕಡೆಯವನು:
ಎಲ್ಲರಿಗೂ ವಂದನೆ. ದಯವಿಟ್ಟು ಜಗಳ ಬೇಡ. ಪಾಚಿ ಹಿಡಿದ ಬಡಗಣ ಬದಿಯ ಬಗ್ಗೆ ಯಾರಾದರೂ ಹೇಳುವಿರಾ? ಆ ಬದಿಯಲ್ಲಿ ಮುಚ್ಚಿಗೆ (ಹೆಂಚಿನ ಕೆಳಗಿನ ಹಲಗೆಯ ಹೊದಿಕೆ) ಇರುವುದು ನಡುಮನೆಗೆ ಮಾತ್ರ.

ಪುತ್ತೂರಿನ ನಿವೃತ್ತ ಮೇಷ್ಟ್ರು:
ಹಾಗಾದರೆ ಮುಚ್ಚಿಗೆ ಇಲ್ಲದ ಕಡೆ ಹತ್ತಲೇಬೇಡಿ. ಒಳಗಿನಿಂದಲೇ ಗಟ್ಟಿಯಾದ ಸ್ಟೂಲಿನ ಮೇಲೆ ನಿಂತು, ಮೇಲಿನ ಸಾಲಿನ ಹೆಂಚನ್ನು ತುಸು ಎತ್ತಿ ಹಿಡಿದು, ಒಡೆದದ್ದನ್ನು ಎಳೆದು ಹೊಸದನ್ನು ತೂರಿಸಬಹುದು. ನಮ್ಮ ಕೊಟ್ಟಿಗೆಯಲ್ಲಿ ನಾನು ಮಾಡುವುದೇ ಹೀಗೆ. ನಡುಮನೆಯ ಮೇಲಿನದನ್ನು ಪಾಚಿ ಚೆನ್ನಾಗಿ ಒಣಗಿದ ದಿನ, ಇಬ್ಬನಿ ಆರಿದ ಮೇಲೆ ಹತ್ತು ಗಂಟೆಗೆ ಆರಂಭಿಸಿ, ಮಧ್ಯಾಹ್ನ ಗುಡುಗು ಕೇಳುವ ಮುನ್ನ ಇಳಿದುಬಿಡಿ.

ಶಿರಸಿಯ ಗೃಹಿಣಿ:
ಮೇಷ್ಟ್ರೇ, ಆ ಸ್ಟೂಲನ್ನೂ ಒಬ್ಬರು ಹಿಡಿದುಕೊಳ್ಳಲಿ.